ಫರ್ಸಿ ಸೀಮೆಯಲ್ಲಿ ಲಿವರ್ ಬಂದೂಕು

ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಪಾಯಿಂಟ್ ಟೂ ಟೂ ರೈಫಲ್ಲಿನ ಪರಿಚಯ ಬೇಕಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಬೋಲ್ಟ್ ಎಳೆದು ಹೊಡೆಯುವ ಬಂದೂಕು ಅದು. ಅದೇ ತೋಟಾ ತಿನ್ನುವ, ಆದರೆ ನಡಿಗೆಯೇ ಬೇರೆಯಾದ ಇನ್ನೊಂದು ಬಂದೂಕಿದೆ. ಟ್ರಿಗರ್ ಸುತ್ತಲಿನ ಬಳೆಯೇ ಅದರ ಲಿವರ್. ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಚಿಮ್ಮುತ್ತದೆ, ಹ್ಯಾಮರ್ ಏಳುತ್ತದೆ. ಮೇಲಕ್ಕೆ ತಂದರೆ ಹೊಸ ತೋಟಾ ನಳಿಗೆ ಸೇರುತ್ತದೆ. ಅಮೆರಿಕದ ಮಾರ್ಲಿನ್ ಕಂಪನಿ 1891ರಲ್ಲಿ ತಂದ ಮಾದರಿಯೇ ತಿದ್ದುತ್ತ ತಿದ್ದುತ್ತ ಮುಂದೆ 39ಎ ಆಯಿತು. ವಿಂಚೆಸ್ಟರ್ ತನ್ನ 9422 ಅನ್ನು 1972ರಲ್ಲಿ ಮಾರುಕಟ್ಟೆಗೆ ಬಿಟ್ಟಿತು.

ಇಂಥದ್ದನ್ನು ನಮ್ಮಲ್ಲಿ ಇವತ್ತು ಹೊಸದಾಗಿ ಕೊಳ್ಳುವ ಮಾತು ಕಷ್ಟದ್ದು. 1980ರ ದಶಕದ ಮಧ್ಯದಿಂದ ಸಾಮಾನ್ಯ ಲೈಸೆನ್ಸುದಾರನಿಗೆ ವಿದೇಶಿ ಬಂದೂಕಿನ ಆಮದು ಮುಚ್ಚಿದ ಬಾಗಿಲು. ಬಂಗಾಳದ ಇಚ್ಛಾಪುರ ಕಾರ್ಖಾನೆಯ ಪಾಯಿಂಟ್ ಟೂ ಟೂ ಬೋಲ್ಟಿನದು. ಹಾಗಾಗಿ ನಮ್ಮ ಕಡೆಯ ಯಾವುದಾದರೂ ಮನೆಯಲ್ಲಿ ಲಿವರ್ ಬಂದೂಕು ಇದ್ದರೆ ಅದು ಹಿರಿಯರಿಂದ ಬಂದದ್ದು, ಇಲ್ಲವೇ ಹಳೆಯ ಲೈಸೆನ್ಸುದಾರನಿಂದ ಕೊಂಡದ್ದು. ಬಿಡಿಭಾಗ ಮುರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೇ ಹೇಳುವುದು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯಲ್ಲಿ ಇದನ್ನು ಇಟ್ಟುಕೊಂಡವನು ಮೊದಲು ಒರೆಸುವುದನ್ನು ಕಲಿಯಬೇಕು, ಹೊಡೆಯುವುದು ಆಮೇಲೆ.

ನಮ್ಮ ಗಾಳಿಯಲ್ಲಿ ಏನಿದೆ ಎಂಬುದು ಇಲ್ಲಿಯವರಿಗೆ ಗೊತ್ತು. ಶಹಾಬಾದಿನಲ್ಲಿ ಫರ್ಸಿ ಎನ್ನುವ ಸುಣ್ಣಕಲ್ಲಿನ ಗಣಿ, ವಾಡಿಯಲ್ಲೂ ಮಳಖೇಡದಲ್ಲೂ ಸೇಡಂನಲ್ಲೂ ಸಿಮೆಂಟು. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಸುಣ್ಣಕಲ್ಲಿನ ಪುಡಿ ಮೆತ್ತನೆಯದು, ಉಕ್ಕನ್ನು ಗೀರಲಾರದು. ಆದರೆ ಎಣ್ಣೆಗೆ ಸಿಕ್ಕರೆ ಹಿಟ್ಟಿನಂತೆ ಕಲಸಿಕೊಂಡು ಮೂಲೆಮೂಲೆಗೆ ಕೂರುತ್ತದೆ. ಅದರ ಜೊತೆ ಬಂದ ಮರಳಿನ ಕಣ ಮಾತ್ರ ಉಕ್ಕನ್ನೂ ಸವೆಸುತ್ತದೆ. ಸಿಮೆಂಟಿನ ದೂಳಿಗೆ ಮಳೆಗಾಲದ ತೇವ ತಗಲಿದರೆ ಅದು ಗಟ್ಟಿಯಾಗುತ್ತದೆ. ಲಿವರ್ ಬಂದೂಕಿನ ಯಂತ್ರವೆಲ್ಲ ಬಾಯ್ತೆರೆದು ನಡೆಯುವಂಥದ್ದು. ಲಿವರ್ ಕೆಳಗಿಳಿದಾಗಲೆಲ್ಲ ಒಳಗಿನ ಹೊಟ್ಟೆ ದೂಳಿಗೆ ತೆರೆದುಕೊಳ್ಳುತ್ತದೆ. ಅದರ ಚೆಂದವೂ ಅದೇ, ದೌರ್ಬಲ್ಯವೂ ಅದೇ.

ಇನ್ನೊಂದು ತೊಡಕು ತೋಟಾದ್ದು. ಪಾಯಿಂಟ್ ಟೂ ಟೂ ಲಾಂಗ್ ರೈಫಲ್ಲಿನ ಸೀಸದ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ನಳಿಗೆಗೆ ಸೀಸ ಅಂಟದಿರಲೆಂದು ಅದರ ಮೈಗೆ ಮೇಣ ಸವರಿರುತ್ತಾರೆ. ಜೇಬಿನಲ್ಲಿ ಬಿಡಿಬಿಡಿಯಾಗಿ ಹಾಕಿಕೊಂಡು ತಿರುಗಿದರೆ ಆ ಮೇಣ ದಾರಿಯ ದೂಳನ್ನೆಲ್ಲ ಹಿಡಿದುಕೊಂಡು ಬಂದು ನಳಿಗೆಗೆ ಒಪ್ಪಿಸುತ್ತದೆ. ತೋಟಾ ಡಬ್ಬಿಯಲ್ಲೇ ಇರಲಿ, ಬೇಕಾದಾಗ ಬೇಕಾದಷ್ಟೇ ತೆಗೆಯಿರಿ.

ಶುಚಿ ಮಾಡುವ ಮೊದಲು ಬಂದೂಕು ಖಾಲಿಯಿದೆಯೇ ನೋಡಬೇಕು. ಈ ಜಾತಿಯ ಬಂದೂಕಿನಲ್ಲಿ ಇದು ಬರೀ ಶಾಸ್ತ್ರವಲ್ಲ. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿರುತ್ತವೆ. ಲಿವರನ್ನು ನಾಲ್ಕು ಸಲ ಆಡಿಸಿ ಏನೂ ಬರಲಿಲ್ಲವೆಂದು ನಂಬಬಾರದು. ಸ್ಪ್ರಿಂಗ್ ಬಿಗಿದು ಒಂದು ಒಳಗೇ ಸಿಕ್ಕಿಕೊಂಡಿರಬಹುದು. ಒಳಕೊಳವೆಯನ್ನು ಪೂರ್ತಿ ಹೊರಗೆಳೆದು, ನಳಿಗೆಯನ್ನು ಕೆಳಮುಖ ಮಾಡಿ ತಟ್ಟಿ, ಆಮೇಲೆ ಲಿವರ್ ಆಡಿಸಿ, ಕೊನೆಗೆ ಕಣ್ಣಿಂದಲೂ ಬೆರಳಿಂದಲೂ ನೋಡಬೇಕು.

ಮಾರ್ಲಿನ್ 39ಎ, ವಿಂಚೆಸ್ಟರ್ 9422 ಎರಡೂ ಪಕ್ಕದ ಒಂದೇ ಸ್ಕ್ರೂ ಬಿಚ್ಚಿದರೆ ಎರಡು ತುಂಡಾಗುತ್ತವೆ. ಆಗ ಬೋಲ್ಟ್ ತೆಗೆದು ನಳಿಗೆಯನ್ನು ಹಿಂದಿನಿಂದ ಒರೆಸಬಹುದು. ಹೀಗೆ ಬಿಚ್ಚಲು ಬಾರದ ಬಂದೂಕನ್ನು ಮೂತಿಯಿಂದಲೇ ಒರೆಸಬೇಕಾಗುತ್ತದೆ. ಅಲ್ಲಿ ಕಡ್ಡಿ ಉಜ್ಜಿ ಮೂತಿಯ ಅಂಚು ಸವೆದರೆ ಗುರಿ ಕೆಟ್ಟಂತೆಯೇ ಲೆಕ್ಕ. ಬಟ್ಟೆ ಸಿಕ್ಕಿಸಿದ ದಾರವನ್ನು ಹಿಂದಿನಿಂದ ಮುಂದಕ್ಕೆ ಎಳೆಯುವುದೇ ಒಳ್ಳೆಯದು. ನಳಿಗೆಯನ್ನು ದಿನಾ ತಿಕ್ಕುವುದೂ ಬೇಡ. ಹೊಡೆದದ್ದಕ್ಕಿಂತ ತಪ್ಪಾಗಿ ತಿಕ್ಕಿಯೇ ಕೆಟ್ಟ ಪಾಯಿಂಟ್ ಟೂ ಟೂಗಳು ಹೆಚ್ಚು. ಕೊಳೆ ಸೇರುವುದು ಬೋಲ್ಟಿನ ಮುಖಕ್ಕೆ, ಖಾಲಿ ತೋಟಾ ಎಳೆಯುವ ಕೊಕ್ಕೆಯ ಕೆಳಗೆ. ಹಳೆಯ ಹಲ್ಲುಜ್ಜುವ ಬ್ರಷ್ ಅಲ್ಲಿಗೆ ಸಾಕು.

ಎಣ್ಣೆ ಎಷ್ಟು? ಲಿವರಿನ ಕೀಲಿಗೆ ಒಂದು ಹನಿ, ಬೋಲ್ಟ್ ಜಾರುವ ಹಳಿಗೆ ಒಂದು ಹನಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಬಂದೂಕಿನ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆದೀತು. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಮರದ ಹಿಡಿಕೆಗೆ ನಮ್ಮ ಅಗಸಿ ಎಣ್ಣೆಯಂಥ ಔಷಧ ಇನ್ನೊಂದಿಲ್ಲ. ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಬೇಕು. ಆ ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ. ಖಂಡೇನವಮಿಯಲ್ಲಿ ಅರಿಷಿಣ ಕುಂಕುಮ ಏರಿಸಿದವರು ಅದೇ ದಿನ ಒರೆಸಿ ಎಣ್ಣೆ ಕೈ ಆಡಿಸಲಿ. ಹಸಿ ಕುಂಕುಮ ಉಕ್ಕಿನ ಮೇಲೆ ಉಳಿದರೆ ಅದರ ಕೆಳಗೇ ಜಂಗು ಹುಟ್ಟುತ್ತದೆ. ಚರ್ಮದ ಚೀಲದಲ್ಲಿ ವರ್ಷವಿಡೀ ಇಡುವುದೂ ಅಷ್ಟೇ ಕೆಟ್ಟದ್ದು, ಚರ್ಮ ತೇವ ಹಿಡಿಯುತ್ತದೆ. ಖಾಲಿ ಬಂದೂಕಿನ ಟ್ರಿಗರ್ ಸುಮ್ಮನೆ ಎಳೆದು ಆಟ ಆಡಬೇಡಿ. ರಿಮ್‌ಫೈರ್ ಬಂದೂಕಿನ ಪಿನ್ನು ಹೊಡೆಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದಿದ್ದರೆ ಅದು ನಳಿಗೆಯ ಅಂಚಿಗೇ ಬಡಿಯಬಹುದು.

ಕಾಗದದ ಕೆಲಸವೂ ನಿರ್ವಹಣೆಯ ಭಾಗವೇ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಾದ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ ಟೂ ಟೂಗೆ ಈ ಎರಡರ ಮಿತಿ ತಾಗುವುದಿಲ್ಲ. ಲೈಸೆನ್ಸುದಾರ ತೀರಿಕೊಂಡರೆ ವಾರಸುದಾರರು ಬಂದೂಕನ್ನು ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ಡೀಲರನಲ್ಲಾಗಲಿ ಒಪ್ಪಿಸಿ, ಆಮೇಲೆ ತಮ್ಮ ಹೆಸರಿನ ಅರ್ಜಿಗೆ ಓಡಾಡಬೇಕು. ಅಟ್ಟದ ಮೇಲೆ ಸುತ್ತಿಟ್ಟು ಮರೆತರೆ ಅದು ಅಪರಾಧ.

ಚಿಂಚೋಳಿ ಕಡೆಯವರಿಗೆ ಇನ್ನೊಂದು ಮಾತಿದೆ. ಕೊಂಚಾವರಂ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ, ಧಾಮದಿಂದ 10 ಕಿಲೋಮೀಟರ್ ಒಳಗೆ ಇರುವ ಬಂದೂಕು ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

ತೊಗರಿ ಹೊಲಕ್ಕೆ ಹಂದಿ ನುಗ್ಗಿದಾಗ ಈ ಬಂದೂಕೊಂದು ಇದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ಬೆಳೆ ಕಾಯಲು ಶಸ್ತ್ರಾಸ್ತ್ರ ಕಾಯ್ದೆ ಹೆಸರು ಹಿಡಿದು ಹೇಳಿರುವುದು ಮೂತಿಯಿಂದ ಮದ್ದು ತುಂಬುವ ಬಂದೂಕನ್ನು. ಪಾಯಿಂಟ್ ಟೂ ಟೂ ಅನ್ನು ಹೇಳಿರುವುದು ಗುರಿ ಅಭ್ಯಾಸಕ್ಕೆ. ಕಾಯ್ದೆ ಮಾಡಿದವರಿಗೆ ಬಂದೂಕಿನ ತೂಕ ಗೊತ್ತಿತ್ತು. 2.6 ಗ್ರಾಂ ಸೀಸ ದೊಡ್ಡ ಹಂದಿಯನ್ನು ಕೊಲ್ಲುವುದಕ್ಕಿಂತ ಗಾಯಗೊಳಿಸಿ ಕಬ್ಬಿನ ಗದ್ದೆಗೆ ಅಟ್ಟುವುದೇ ಹೆಚ್ಚು, ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರ್ ದೂರದವರೆಗೂ ಹೋದೀತು. ನಮ್ಮದು ಬಟಾಬಯಲು, ತಡೆಯಲು ಗುಡ್ಡವಿಲ್ಲ. ಜಿಂಕೆ, ಕೃಷ್ಣಮೃಗದ ಕಡೆ ಮೂತಿ ತಿರುಗಿಸಿದರೆ ನೇರ ಜೈಲಿನ ದಾರಿ.

ಹಾಗಾದರೆ ಇಟ್ಟುಕೊಳ್ಳಬೇಕೇ? ಮನೆಯಲ್ಲಿ ಈಗಾಗಲೇ ಇದ್ದರೆ ಇಟ್ಟುಕೊಳ್ಳಿ, ಕಾಗದ ಸರಿಮಾಡಿಸಿ, ರೇಂಜಿನಲ್ಲಿ ಮಾತ್ರ ಹೊಡೆಯಿರಿ. ಹೊಸದಾಗಿ ಕಲಿಯುವ ಹುಡುಗರು ಲಿವರಿನ ಬೆನ್ನು ಹತ್ತಬೇಡಿ. ಕ್ಲಬ್ ಸೇರಿ ಏರ್ ರೈಫಲ್ ಹಿಡಿಯಿರಿ, ಕೈ ಕೂತ ಮೇಲೆ ಬೋಲ್ಟಿನ ಪಾಯಿಂಟ್ ಟೂ ಟೂಗೆ ಬನ್ನಿ. ವಾರಕ್ಕೊಮ್ಮೆ ಒರೆಸಲು ಪುರಸೊತ್ತಿಲ್ಲ ಎನ್ನುವವರು ಲೈಸೆನ್ಸಿನ ಅರ್ಜಿಯನ್ನೇ ಹಾಕದಿರುವುದು ಮೇಲು.