ಒಂದೇ ರಂಗ, ಎರಡು ನುಡಿ

ಸೀಡಿ-ರಾಮ್ ಕಾಲದ ಮಲ್ಟಿಮೀಡಿಯಾ ತಂತ್ರಾಂಶ ಡೈರೆಕ್ಟರ್‌ನ ಇಡೀ ಸರಂಜಾಮು ನಾಟಕದ್ದು. ಪ್ರೇಕ್ಷಕ ನೋಡುವ ಜಾಗ ಸ್ಟೇಜ್. ಚಿತ್ರ, ಶಬ್ದ, ಅಕ್ಷರಗಳೆಲ್ಲ ಕಾಸ್ಟ್. ಯಾರು ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಸ್ಕೋರ್‌ನಲ್ಲಿ. ಇವರನ್ನೆಲ್ಲ ಆಡಿಸಲು ಜಾನ್ ಹೆನ್ರಿ ಥಾಂಪ್ಸನ್ ರೂಪಿಸಿದ ನುಡಿ ಲಿಂಗೋ.

ಲಿಂಗೋದ ಸೊಗಸು ಸವಿಯಲು ಮೂರು ಸಾಲು ಸಾಕು. 'ಆನ್ ಎಕ್ಸಿಟ್‌ಫ್ರೇಮ್', ಕೆಳಗೆ 'ಗೋ ಟು ದಿ ಫ್ರೇಮ್', ಕೊನೆಗೆ 'ಎಂಡ್'. ಫ್ರೇಮ್ ಬಿಟ್ಟು ಹೊರಡುವ ಗಳಿಗೆಯಲ್ಲೇ ಅದೇ ಫ್ರೇಮ್‌ಗೆ ವಾಪಸು ಹೋಗು ಎಂಬ ಆಜ್ಞೆ. ಆಟ ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ. ಹಿನ್ನೆಲೆಯ ಸಂಗೀತ ಹರಿಯುತ್ತಿರುತ್ತದೆ, ಮೌಸ್ ತಾಗಿದರೆ ಬಟನ್ ಬಣ್ಣ ಬದಲಿಸುತ್ತದೆ, ಮುಂದಿನ ದೃಶ್ಯ ಮಾತ್ರ ನಮ್ಮ ಕ್ಲಿಕ್ಕಿಗೆ ಕಾಯುತ್ತದೆ. ಹೊರಡುವವನನ್ನು ಹೊಸ್ತಿಲಲ್ಲೇ ಮತ್ತೆ ಮತ್ತೆ ಒಳಗೆ ಕರೆಯುವ ಈ ಉಪಾಯದ ಮೇಲೆ ಎಷ್ಟೋ ಸೀಡಿಗಳ ಮೆನು ನಿಂತಿತ್ತು.

ಮ್ಯಾಕ್ರೋಮೀಡಿಯಾದ ಡೈರೆಕ್ಟರ್ ಎಂಎಕ್ಸ್ 2004 ಬಂದಾಗ ಸ್ಕ್ರಿಪ್ಟ್ ಕಿಟಕಿಯಲ್ಲಿ ಪುಟ್ಟದೊಂದು ಆಯ್ಕೆ ಸೇರಿಕೊಂಡಿತು: ಲಿಂಗೋ ಅಥವಾ ಜಾವಾಸ್ಕ್ರಿಪ್ಟ್. ಒಂದು ಸ್ಕ್ರಿಪ್ಟ್‌ಗೆ ಒಂದೇ ನುಡಿ, ಆದರೆ ಒಂದು ಮೂವಿಯೊಳಗೆ, ಅಂದರೆ ಡೈರೆಕ್ಟರ್‌ನಲ್ಲಿ ಕಟ್ಟಿದ ಒಂದು ಕೃತಿಯೊಳಗೆ, ಎರಡೂ ಇರಬಹುದು. ಆ ಮೂರರಲ್ಲಿ ನಡುವಿನ ಸಾಲನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಓದಿ ನೋಡಿ: ಅಂಡರ್‌ಸ್ಕೋರ್ ಮೂವಿ ಡಾಟ್ ಗೋ, ಕಂಸದೊಳಗೆ ಅಂಡರ್‌ಸ್ಕೋರ್ ಮೂವಿ ಡಾಟ್ ಫ್ರೇಮ್. ಕೆಲಸ ಅದೇ, ಬಾಯಿಗೆ ಮಾತ್ರ ವ್ಯಾಯಾಮ. (ನ್ಯಾಯವಾಗಿ ಹೇಳಬೇಕೆಂದರೆ, ಡಾಟ್ ಹಾಕುವ ಚಟ ಲಿಂಗೋಗೂ ಡೈರೆಕ್ಟರ್‌ನ ಏಳನೇ ಆವೃತ್ತಿಯಲ್ಲೇ ಅಂಟಿತ್ತು.)

ನನಗೆ ತೀರದ ಕುತೂಹಲವಿರುವುದು ಇವೆರಡೂ ಒಂದೇ ಮೂವಿಯಲ್ಲಿ ಸಂಸಾರ ಹೂಡಿದಾಗ. ಲಿಂಗೋಗೆ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲ ಒಂದೇ. ಜಾವಾಸ್ಕ್ರಿಪ್ಟ್ ಒಂದಕ್ಷರ ತಪ್ಪಿದರೂ ಗುರುತು ಹಿಡಿಯುವುದಿಲ್ಲ. ಐದನ್ನು ಎರಡರಿಂದ ಭಾಗಿಸೆಂದರೆ ಲಿಂಗೋ ಎರಡು ಎಂದು ಕೈತೊಳೆದುಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಎರಡೂವರೆಯನ್ನು ಚುಕ್ತಾ ಮಾಡುತ್ತದೆ. ಲಿಂಗೋದ ಲಿಸ್ಟ್ ಎಣಿಕೆ ಒಂದರಿಂದ, ಜಾವಾಸ್ಕ್ರಿಪ್ಟ್‌ನ ಅರೇ ಸೊನ್ನೆಯಿಂದ. ಇಷ್ಟಾದರೂ ಪರವಾಗಿಲ್ಲ. ಜಾವಾಸ್ಕ್ರಿಪ್ಟ್‌ನೊಳಗೇ ಲಿಂಗೋ ಶೈಲಿಯ ಲಿಸ್ಟ್ ಕಟ್ಟಿಕೊಳ್ಳಬಹುದು, ಆಗಲೂ ಅದು ತನ್ನ ಹುಟ್ಟುಗುಣ ಬಿಡದೆ ಒಂದರಿಂದಲೇ ಎಣಿಸುತ್ತದೆ. ಹಾಗಾಗಿ ಒಂದೇ ಸ್ಕ್ರಿಪ್ಟ್‌ನ ಅಕ್ಕಪಕ್ಕದ ಸಾಲುಗಳಲ್ಲಿ ಒಂದು ಪಟ್ಟಿಯ ಮೊದಲನೆಯವನ ನಂಬರು ಸೊನ್ನೆ, ಇನ್ನೊಂದರ ಮೊದಲನೆಯವನ ನಂಬರು ಒಂದು. ಬೈದುಕೊಂಡವರೇ ಹೆಚ್ಚು. ನನಗೋ, ಎರಡೂ ತಮ್ಮ ತಮ್ಮ ಹಟ ಬಿಡದಿರುವುದೇ ಚೆಂದ.

ಡೈರೆಕ್ಟರ್‌ನ ಮಾರಾಟ 2017ರಲ್ಲೇ ನಿಂತಿತು, ಮ್ಯಾಕ್ರೋಮೀಡಿಯಾವನ್ನು ಕೊಂಡಿದ್ದ ಅಡೋಬಿಯ ಕೈಯಲ್ಲಿ. ಆದರೂ ಹಳೆಯ ಮೂವಿ ಫೈಲೊಂದನ್ನು ತೆರೆದರೆ ನಾನು ಮೊದಲು ಹುಡುಕುವುದು ಬರೆದವರು ಯಾವ ಕೆಲಸವನ್ನು ಯಾವ ನುಡಿಗೆ ಹಂಚಿದ್ದಾರೆ ಎಂದು. ಲೆಕ್ಕಾಚಾರ, ದಿನಾಂಕ, ಅಕ್ಷರಗಳ ನಡುವೆ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಜಾವಾಸ್ಕ್ರಿಪ್ಟ್‌ಗೆ. ಸ್ಪ್ರೈಟ್‌ಗಳನ್ನು, ಅಂದರೆ ರಂಗಕ್ಕಿಳಿದ ಕಾಸ್ಟ್‌ನವರನ್ನು, ಸ್ಟೇಜ್ ಮೇಲೆ ಓಡಾಡಿಸುವುದು, ಕಾಯಿಸುವುದು ಲಿಂಗೋಗೆ. ಹೀಗೆ ಹಂಚಿದ್ದರೆ, ಬರೆದ ಕೈ ಪಳಗಿದ್ದು ಎಂದು ಕಣ್ಣುಮುಚ್ಚಿ ಹೇಳುತ್ತೇನೆ.