ಹಲ್ಲಿಗಂಟಿದ ಕಾವಲು

ಬೆಂಗಳೂರಿನ ಜಯನಗರದ ಶಾಲಿನಿ ಮೈದಾನದಲ್ಲಿ ಆಡುವ ಮಗುವಿನ ಮೊಣಕಾಲು ತರಚಿದರೆ ಕಣ್ಣಿಗೆ ಕಾಣುತ್ತದೆ. ತಲೆಗೆ ಪೆಟ್ಟಾದರೆ ಒಳಗೇನಾಯಿತೆಂದು ಕಾಣುವುದಿಲ್ಲ. ಎದ್ದು ಮಣ್ಣು ಕೊಡವಿಕೊಂಡು ‘ಏನೂ ಆಗಿಲ್ಲ’ ಅನ್ನುವುದು ಮಕ್ಕಳ ಸ್ವಭಾವ. ಅದಕ್ಕೇ ಸೆನ್ಸರ್ ಇರುವ ಮೌತ್‌ಗಾರ್ಡ್ ಮೇಲೆ ನನಗೆ ಇಷ್ಟು ಅಕ್ಕರೆ.

ನೋಡಲು ಹಲ್ಲಿನ ಅಚ್ಚಿಗೆ ಕೂರುವ ಮೆತ್ತನೆಯ ಪ್ಲಾಸ್ಟಿಕ್ ಪಟ್ಟಿ, ಅಷ್ಟೆ. ಅದರ ಪದರಗಳ ನಡುವೆ ಅಕ್ಸೆಲೆರೋಮೀಟರ್, ಜೈರೋಸ್ಕೋಪ್, ಪುಟ್ಟ ಬ್ಯಾಟರಿ. ಜಾಣತನವೆಲ್ಲ ಅದನ್ನು ಕೂರಿಸಿದ ಜಾಗದಲ್ಲಿದೆ. ಹೆಲ್ಮೆಟ್ ತಲೆಯ ಮೇಲೆ ಜಾರುತ್ತದೆ, ಚರ್ಮಕ್ಕೆ ಅಂಟಿಸಿದ ಸೆನ್ಸರ್ ಚರ್ಮದ ಜೊತೆ ಅಲುಗುತ್ತದೆ. ಮೇಲ್ದವಡೆಯ ಹಲ್ಲು ಬುರುಡೆಗೇ ನಾಟಿಕೊಂಡಿದೆ. ತಲೆ ಎಷ್ಟು ಜೋರಾಗಿ ಅದುರಿತು, ಎಷ್ಟು ತಿರುಗಿತು ಎಂಬುದು ಅಲ್ಲಿ ಹೆಚ್ಚು ಸರಿಯಾಗಿ ಸಿಗುತ್ತದೆ. 2024ರಿಂದ ಉನ್ನತ ಮಟ್ಟದ ರಗ್ಬಿಯಲ್ಲಿ ಪೆಟ್ಟು ಮಿತಿ ದಾಟಿದರೆ ಅಂಗಳದ ಬದಿಯ ವೈದ್ಯರಿಗೆ ತಕ್ಷಣ ಸೂಚನೆ ಹೋಗುತ್ತದೆ. ಆಟಗಾರ ಹೊರಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪೆಟ್ಟಾದರೂ ಆಡುವ ಛಲವನ್ನು ನಾವು ಮೆಚ್ಚುತ್ತೇವೆ. ನಮ್ಮ ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾ ವಿಕೆಟ್ ಕಿತ್ತದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಛಲ ದೊಡ್ಡದು. ಹನ್ನೆರಡು ವರ್ಷದ ಹುಡುಗಿಗೆ ಮಾತ್ರ ಅದನ್ನು ಪಾಠ ಮಾಡಬಾರದು. ಅವಳನ್ನು ಆಟದಿಂದ ಹೊರಗೆ ಕೂರಿಸಲು ಕೋಚ್‌ಗೆ ಈ ಮೌತ್‌ಗಾರ್ಡ್ ಒಂದು ಆಧಾರ ಕೊಡುತ್ತದೆ. ಕನ್‌ಕಶನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಘಾತ, ಆಗಿದೆಯೇ ಎಂದು ಹೇಳಬೇಕಾದವರು ವೈದ್ಯರೇ. ಸೆನ್ಸರ್ ಸುಮ್ಮನಿದ್ದರೂ ಮಗು ತಲೆಸುತ್ತು, ವಾಂತಿ ಎಂದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಮಿದುಳು-ನರಗಳ ಆಸ್ಪತ್ರೆ ನಿಮ್ಹಾನ್ಸ್ ಇಲ್ಲೇ ಹೊಸೂರು ರಸ್ತೆಯಲ್ಲಿದೆ.