ಅನಿಶಿನಾಬೆ ಕಥೆಗಳೂ ಇಂದಿನ ವಸ್ತ್ರವಿನ್ಯಾಸವೂ: ಒಂದು ವಿಮರ್ಶೆ

ನಮ್ಮ ನಗರಗಳ ಅಲಂಕಾರ ಸಾಮಗ್ರಿಗಳ ಅಂಗಡಿಗಳಲ್ಲಿ ‘ಡ್ರೀಮ್‌ಕ್ಯಾಚರ್’ ಎಂಬ ವಸ್ತುವೊಂದು ಈಗ ಹೇರಳವಾಗಿ ಮಾರಾಟವಾಗುತ್ತಿದೆ. ಬಳೆಯಂತೆ ಬಾಗಿಸಿದ ಚೌಕಟ್ಟು, ಅದರೊಳಗೆ ಜೇಡನ ಬಲೆಯಂತೆ ಹೆಣೆದ ದಾರ, ಕೆಳಗೆ ತೂಗುವ ಒಂದೆರಡು ಗರಿ. ವಿದ್ಯಾರ್ಥಿಗಳ ಕೊಠಡಿಯ ಕಿಟಕಿಯಲ್ಲಿಯೂ ಮೋಟಾರು ಗಾಡಿಗಳ ಕನ್ನಡಿಯ ಕೆಳಗೂ ಅದು ಕಾಣಸಿಗುತ್ತದೆ. ಅದನ್ನು ಕೊಳ್ಳುವವರಿಗೆ ಅದರ ಕಥೆ ತಿಳಿದಿರುವುದು ಅಪರೂಪ. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ ನೆಲಸಿರುವ ಅನಿಶಿನಾಬೆ ಜನರಲ್ಲಿ ಮಕ್ಕಳನ್ನು ಕಾಯುವ ಅಸಿಬಿಕಾಶಿ ಎಂಬ ಜೇಡಮ್ಮನ ಕಥೆಯೊಂದಿದೆ. ಜನರು ದೂರದೂರಕ್ಕೆ ಚದುರಿದ ಮೇಲೆ ಆಕೆಯೊಬ್ಬಳೇ ಎಲ್ಲ ತೊಟ್ಟಿಲುಗಳ ಬಳಿಗೆ ಹೋಗಲಾರದಾದಳೆಂದೂ, ಆಗ ತಾಯಂದಿರೂ ಅಜ್ಜಿಯರೂ ಆಕೆಯ ಬಲೆಯನ್ನು ತಾವೇ ಹೆಣೆದು ಕೂಸುಗಳ ತಲೆಯ ಮೇಲೆ ಕಟ್ಟತೊಡಗಿದರೆಂದೂ ಹೇಳುತ್ತಾರೆ. ಫ್ರಾನ್ಸೆಸ್ ಡೆನ್ಸ್‌ಮೋರ್ ಎಂಬ ವಿದುಷಿ 1929ರಲ್ಲಿ ಪ್ರಕಟಿಸಿದ ‘ಚಿಪ್ಪೆವ ಕಸ್ಟಮ್ಸ್’ ಗ್ರಂಥದಲ್ಲಿ, ಕೂಸಿಗೆ ತಗಲಬಹುದಾದ ಕೇಡನ್ನು ಹಿಡಿದಿಡುವುದಕ್ಕಾಗಿ ಇಂತಹ ಬಲೆಗಳನ್ನು ತೂಗುಹಾಕುತ್ತಿದ್ದ ವಾಡಿಕೆಯು ದಾಖಲಾಗಿದೆ.

ವಸ್ತುವು ಲೋಕವನ್ನೆಲ್ಲ ಸುತ್ತಿತು. ಕಥೆಯು ಮನೆಯಲ್ಲಿಯೇ ಉಳಿಯಿತು. ಅಜ್ಜಿಯು ಮೊಮ್ಮಗುವಿಗೆ ಸಲ್ಲಿಸಬೇಕಾದ ಒಂದು ಕರ್ತವ್ಯವು ಯಾರು ಯಾರಿಗೆ ಬೇಕಾದರೂ ಮಾರಬಹುದಾದ ಸರಕಾಯಿತು. ಇಂದು ಅನಿಶಿನಾಬೆ ವಿನ್ಯಾಸಕಾರರು ತಮ್ಮ ಕಥೆಗಳನ್ನು ಉಡುಪುಗಳಲ್ಲಿ ಮೂಡಿಸುತ್ತಿರುವಾಗ ಅವರ ಕಣ್ಣೆದುರಿಗೆ ಈ ದೃಷ್ಟಾಂತವಿದ್ದೇ ಇರುತ್ತದೆ. ‘ಪುರಾತನ ಕಥೆಯಿಂದ ಪ್ರೇರಿತವಾದ ಉಡುಪು’ ಎಂಬ ಮಾತನ್ನು ವಿಮರ್ಶಕನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ನಮ್ಮ ಹಳೆಯ ಪಠ್ಯಪುಸ್ತಕಗಳು ‘ರೆಡ್ ಇಂಡಿಯನ್ನರು’ ಎಂಬ ಒಂದೇ ಹೆಸರಿನಲ್ಲಿ ಅಡಗಿಸಿಬಿಟ್ಟ ನೂರಾರು ಜನಾಂಗಗಳಲ್ಲಿ ಅನಿಶಿನಾಬೆಯರೂ ಸೇರಿದ್ದಾರೆ. ಒಜಿಬ್ವೆ, ಒಡಾವಾ, ಪೊಟವಾಟೊಮಿ ಮೊದಲಾದ ಬಂಧುಕುಲಗಳು ತಮ್ಮನ್ನು ಕರೆದುಕೊಳ್ಳುವ ಹೆಸರಿದು. ಇಂದು ಕೆನಡಾ ಮತ್ತು ಸಂಯುಕ್ತ ಸಂಸ್ಥಾನಗಳ ಗಡಿಯು ಅವರ ನಾಡನ್ನು ಇಬ್ಭಾಗ ಮಾಡಿದೆ. ಅವರ ಭಾಷೆಯಲ್ಲಿ ಕಥೆಗೆ ಎರಡು ಹೆಸರುಗಳಿವೆ. ಕಂಡುಕೇಳಿದ ವೃತ್ತಾಂತವು ‘ದಿಬಾಜಿಮೊವಿನ್’. ಆದಿಕಾಲದ ಪವಿತ್ರ ಕಥೆಯು ‘ಆದಿಜೂಕಾನ್’. ಕನ್ನಡದಲ್ಲಿ ನಾಮಪದಗಳಿಗೆ ಲಿಂಗಭೇದವಿರುವಂತೆ ಆ ಭಾಷೆಯಲ್ಲಿ ಸಜೀವ, ನಿರ್ಜೀವ ಎಂಬ ಭೇದವುಂಟು. ವೃತ್ತಾಂತವು ಅಲ್ಲಿ ನಿರ್ಜೀವವರ್ಗಕ್ಕೆ ಸೇರಿದರೆ ಪವಿತ್ರಕಥೆಯು ಸಜೀವವರ್ಗಕ್ಕೆ ಸೇರುತ್ತದೆ. ಅಂತಹ ಕಥೆಯನ್ನು ನೆಲದ ಮೇಲೆ ಹಿಮವಿರುವಾಗ ಮಾತ್ರ ಹೇಳಬೇಕೆಂಬ ಕಟ್ಟಳೆಯೂ ಇದೆ. ಕಥೆಯು ಮನೆಗೆ ಬಂದ ಹಿರಿಯನಂತೆ. ಅದನ್ನು ಕರೆಯುವುದಕ್ಕೆ ಕಾಲವಿದೆ, ಕರೆದ ಮೇಲೆ ಸಲ್ಲಿಸಬೇಕಾದ ಮರ್ಯಾದೆಯಿದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅನಿಶಿನಾಬೆ ವಸ್ತ್ರಗಳ ವಿಮರ್ಶೆಗೆ ತೊಡಗುವುದು ವ್ಯರ್ಥ.

ಕಥೆಗೂ ಉಡುಪಿಗೂ ಇರುವ ಸಂಬಂಧವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಗೆಜ್ಜೆಯುಡುಪಿನಲ್ಲಿ. ಇದು ಅತಿ ಪ್ರಾಚೀನವಾದುದಲ್ಲ. ಹಲವು ಊರುಗಳಲ್ಲಿ ಹಲವು ಬಗೆಯಾಗಿ ಹೇಳುವ ಇದರ ಕಥೆಯ ತಿರುಳು ಇಷ್ಟು: ಒಬ್ಬ ತಂದೆಯ ಮಗಳು ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಳು. ತಂದೆಗೆ ಕನಸಿನಲ್ಲಿ ಒಂದು ಉಡುಪೂ ಅದನ್ನುಟ್ಟು ಆಡುವ ನೃತ್ಯವೂ ಕಾಣಿಸಿದವು. ಆತನು ಅಂತಹುದೇ ಉಡುಪನ್ನು ಮಾಡಿ ಮಗಳಿಗೆ ತೊಡಿಸಿದನು. ಆಕೆ ಮೆಲ್ಲನೆ ಹೆಜ್ಜೆಯಿಟ್ಟಳು, ಚೇತರಿಸಿಕೊಂಡಳು, ಬಳಿಕ ಇತರ ಸ್ತ್ರೀಯರಿಗೆ ಆ ನೃತ್ಯವನ್ನು ಕಲಿಸಿದಳು. ಮಿನೆಸೋಟದ ಮಿಲ್ ಲಾಕ್ಸ್‌ನವರೂ ಒಂಟಾರಿಯೋದ ವೈಟ್‌ಫಿಷ್ ಬೇಯವರೂ ಈ ಕಥೆಯನ್ನು ತಮ್ಮ ಊರಿನದೆಂದು ಹೇಳುತ್ತಾರೆ. ರೆಡ್ ಲೇಕ್ ಒಜಿಬ್ವೆ ಕುಲಕ್ಕೆ ಸೇರಿದ ಇತಿಹಾಸಕಾರ್ತಿ ಬ್ರೆಂಡಾ ಚೈಲ್ಡ್ ಅವರು ಈ ನೃತ್ಯದ ಉದಯವನ್ನು 1918-19ರ ಇನ್‌ಫ್ಲುಯೆಂಜಾ ಮಹಾಮಾರಿಯೊಡನೆ ಜೋಡಿಸಿ ತೋರಿಸಿದ್ದಾರೆ.

ಆ ಕಾಲದಲ್ಲಿ ಕುಣಿಯುವುದೇ ಅಪರಾಧಕ್ಕೆ ಸಮೀಪವಾಗಿತ್ತು. 1921ರಲ್ಲಿ ಸಂಯುಕ್ತ ಸಂಸ್ಥಾನಗಳ ಇಂಡಿಯನ್ ವ್ಯವಹಾರಗಳ ಕಮಿಷನರ್ ಚಾರ್ಲ್ಸ್ ಬರ್ಕ್ ಹೊರಡಿಸಿದ 1665ನೆಯ ಸಂಖ್ಯೆಯ ಸುತ್ತೋಲೆಯು ಮೂಲನಿವಾಸಿಗಳ ನೃತ್ಯಗಳನ್ನು ಅಡಗಿಸಬೇಕೆಂದು ಅಧಿಕಾರಿಗಳಿಗೆ ಸೂಚಿಸಿತು. ಕೆನಡಾದಲ್ಲಿ 1885ರಿಂದ ಕ್ರಮೇಣ ಬಿಗಿಯಾದ ನಿರ್ಬಂಧಗಳು 1951ರಲ್ಲಿ ಇಂಡಿಯನ್ ಕಾಯಿದೆಯು ಪರಿಷ್ಕೃತವಾಗುವವರೆಗೆ ಉಳಿದುವು. ರೋಗವನ್ನು ಕಳೆಯಲೆಂದು ಹುಟ್ಟಿದ ಉಡುಪನ್ನು ತೊಡುವುದೇ ಇಂತಹ ಸನ್ನಿವೇಶದಲ್ಲಿ ಒಂದು ಧೈರ್ಯದ ಕಾರ್ಯವಾಗಿತ್ತು. ನೂರು ವರ್ಷಗಳ ತರುವಾಯ, 2020ರಲ್ಲಿ, ಮತ್ತೊಂದು ಮಹಾಮಾರಿ ಬಂದಾಗ ಅದೇ ಉಡುಪನ್ನುಟ್ಟ ಸ್ತ್ರೀಯರು ತಮ್ಮ ತಮ್ಮ ಮನೆಯಂಗಳಗಳಲ್ಲಿ ಕುಣಿದು ಅದನ್ನು ದೂರದವರಿಗೆ ಕಾಣುವಂತೆ ಮಾಡಿದರು. ಅಷ್ಟು ಹೊತ್ತಿಗೆ ಈ ನೃತ್ಯವು ಇತರ ಕುಲಗಳಿಗೂ ಹಬ್ಬಿತ್ತು. ಆ ವರ್ಷ ನವಾಹೊ ಕುಲದ ಛಾಯಾಚಿತ್ರಕಾರ ಯೂಜೀನ್ ತಪಾಹೆ ತಮ್ಮ ಹೆಣ್ಣುಮಕ್ಕಳೇ ಮೊದಲಾದವರನ್ನು ಗೆಜ್ಜೆಯುಡುಪಿನಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ ಕರೆದೊಯ್ದು ತೆಗೆದ ಚಿತ್ರಗಳು ಪ್ರಸಿದ್ಧವಾಗಿವೆ. ಕಥೆಯು ಇಲ್ಲಿ ಕುಲದಿಂದ ಕುಲಕ್ಕೆ ದಾಟಿತು. ಆದರೆ ಗುಣಪಡಿಸುವ ತನ್ನ ಕೆಲಸವನ್ನು ಜೊತೆಯಲ್ಲಿಯೇ ಕೊಂಡೊಯ್ದಿತು. ಡ್ರೀಮ್‌ಕ್ಯಾಚರಿನ ಪ್ರಯಾಣಕ್ಕೂ ಇದಕ್ಕೂ ಇರುವ ಅಂತರವು ಗಮನಾರ್ಹವಾದುದು.

ಗೆಜ್ಜೆಯುಡುಪು ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೋಗಲಾಡಿಸುತ್ತದೆ. ಮೂಲನಿವಾಸಿಗಳ ಕಲೆಯೆಂದರೆ ತೊಗಲು, ಗರಿ, ಮರದ ತೊಗಟೆಗಳಿಂದಲೇ ಆಗಬೇಕು, ಹೊಸ ಸಾಮಗ್ರಿ ಬಂದೊಡನೆ ಪರಂಪರೆಯು ಕೆಟ್ಟಿತು ಎಂದು ಭಾವಿಸುವವರಿದ್ದಾರೆ. ಈ ಉಡುಪಿನ ಶಂಕುವಿನಾಕಾರದ ಗೆಜ್ಜೆಗಳನ್ನು ಕಾರ್ಖಾನೆಯಿಂದ ಬಂದ ತಂಬಾಕಿನ ಡಬ್ಬಿಗಳ ತಗಡಿನ ಮುಚ್ಚಳಗಳನ್ನು ಸುರುಳಿ ಸುತ್ತಿ ಮಾಡುತ್ತಿದ್ದರು. ಅನಿಶಿನಾಬೆಯರ ಸುಪ್ರಸಿದ್ಧ ಹೂಬಳ್ಳಿಯ ಕಸೂತಿಗೆ ಬೇಕಾದ ಗಾಜಿನ ಮಣಿಗಳು ತುಪ್ಪುಳದ ತೊಗಲಿನ ವ್ಯಾಪಾರದ ಮಾರ್ಗವಾಗಿ ವೆನಿಸ್ಸಿನಿಂದಲೂ ಬೊಹೀಮಿಯದಿಂದಲೂ ಬಂದವು. ಹೊರನಾಡಿನ ಆ ಮಣಿಗೆ ಅವರು ‘ಮನಿಡೂಮಿನೆನ್ಸ್’, ಎಂದರೆ ಪುಟ್ಟ ದೈವಬೀಜ, ಎಂದು ಹೆಸರಿಟ್ಟು ತಮ್ಮದನ್ನಾಗಿ ಮಾಡಿಕೊಂಡರು. ಆದುದರಿಂದ ಸಾಮಗ್ರಿಯ ಪ್ರಾಚೀನತೆಯನ್ನು ಒರೆಗಲ್ಲಾಗಿ ಹಿಡಿಯುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ.

ಕಥೆಯನ್ನು ಚಿತ್ರವಾಗಿಸುವ ಆಧುನಿಕ ಪ್ರಯತ್ನಕ್ಕೆ ದಾರಿ ತೆರೆದವನು ಚಿತ್ರಕಾರ ನಾರ್ವಲ್ ಮಾರಿಸೋ. 1962ರಲ್ಲಿ ಟೊರಾಂಟೋದಲ್ಲಿ ನಡೆದ ಪ್ರದರ್ಶನದಿಂದ ಆತನು ಪ್ರಖ್ಯಾತನಾದನು. ದಪ್ಪ ಕಪ್ಪು ರೇಖೆ, ಪ್ರಾಣಿಯ ದೇಹದೊಳಗನ್ನೂ ತೋರಿಸುವ ಬಗೆ, ಗುಡುಗುಹಕ್ಕಿ ಮತ್ತು ನೀರೊಳಗಿನ ಮಿಶಿಬಿಜಿವು ಮೊದಲಾದ ಆಕೃತಿಗಳು ಆತನಿಂದ ಲೋಕಪ್ರಸಿದ್ಧವಾದುವು. ಪವಿತ್ರವಾದುದನ್ನು ಹೊರಗಿನವರಿಗೆ ತೋರಿಸಿದನೆಂದು ಸ್ವಜನರಲ್ಲಿ ಕೆಲವರು ಆತನನ್ನು ಆಕ್ಷೇಪಿಸಿದರು. ಆ ಆಕ್ಷೇಪಣೆಯನ್ನು ಅಂಧಶ್ರದ್ಧೆಯೆಂದು ತಳ್ಳಿಹಾಕುವುದು ಸುಲಭ. ಆದರೆ ನೃತ್ಯವನ್ನೇ ನಿಷೇಧಿಸಿದ ಸರಕಾರಗಳ ನೆನಪು ಹಸಿಯಾಗಿದ್ದ ಜನರಿಗೆ, ಯಾವುದನ್ನು ತೋರಬೇಕು ಯಾವುದನ್ನು ಮುಚ್ಚಿಡಬೇಕು ಎಂಬ ಪ್ರಶ್ನೆಯು ಪ್ರಾಣಪ್ರಶ್ನೆಯೇ ಆಗಿತ್ತು. ಇಂದಿನ ವಸ್ತ್ರವಿನ್ಯಾಸವು ಆ ಪ್ರಶ್ನೆಯನ್ನೇ ಪಿತ್ರಾರ್ಜಿತವಾಗಿ ಪಡೆದಿದೆ.

ಭಯವು ನಿರಾಧಾರವಾದುದಲ್ಲ. 2015ರಲ್ಲಿ ಡಿಸ್ಕ್ವೇರ್ಡ್ ಟೂ ಎಂಬ ವಸ್ತ್ರಸಂಸ್ಥೆಯು ಮೂಲನಿವಾಸಿ ಸ್ತ್ರೀಯರನ್ನು ಹೀಗಳೆಯುವ ಶಬ್ದವೊಂದನ್ನು ತನ್ನ ಹೆಸರಿಗೆ ಬೆಸೆದು, ಅವರ ಉಡುಪುಗಳ ಲಕ್ಷಣಗಳನ್ನೆತ್ತಿಕೊಂಡ ಸಂಗ್ರಹವೊಂದನ್ನು ಪ್ರದರ್ಶಿಸಿ ತೀವ್ರ ಖಂಡನೆಗೆ ಗುರಿಯಾಯಿತು. ಸಂಯುಕ್ತ ಸಂಸ್ಥಾನಗಳ 1990ರ ಇಂಡಿಯನ್ ಕಲೆ ಮತ್ತು ಕರಕುಶಲಗಳ ಕಾಯಿದೆಯು ಮೂಲನಿವಾಸಿಗಳು ಮಾಡಿದುದೆಂದು ಸುಳ್ಳು ಹೇಳಿ ಮಾರುವುದನ್ನು ದಂಡಿಸುತ್ತದೆ. ಆದರೆ ಸುಳ್ಳು ಹೇಳದೆಯೇ ಕಥೆಯನ್ನೂ ಆಕೃತಿಯನ್ನೂ ಎತ್ತಿಕೊಳ್ಳುವುದನ್ನು ಅದು ತಡೆಯಲಾರದು. ಇದಕ್ಕೆ ಪ್ರತಿಯಾಗಿ, ಸುಮಾರು ಅದೇ ಕಾಲದಲ್ಲಿ ವ್ಯಾಲೆಂಟಿನೋ ಸಂಸ್ಥೆಯು ಮೆಟಿ ಜನಾಂಗದ ಕಲಾವಿದೆ ಕ್ರಿಸ್ಟಿ ಬೆಲ್‌ಕೋರ್ಟ್ ಅವರ ‘ವಾಟರ್ ಸಾಂಗ್’ ಎಂಬ ಚಿತ್ರವನ್ನು ಆಕೆಯ ಒಪ್ಪಿಗೆ ಪಡೆದೇ ತನ್ನ ಉಡುಪುಗಳಲ್ಲಿ ಬಳಸಿತು. ಮಣಿಕಸೂತಿಯ ಚುಕ್ಕೆಗಳನ್ನು ಬಣ್ಣದಲ್ಲಿ ಅನುಸರಿಸುವ ಚಿತ್ರವದು. ಒಪ್ಪಿಗೆಯನ್ನು ಕೇಳುವುದು ಸೌಜನ್ಯವಷ್ಟೇ ಅಲ್ಲ. ಹೇಳುವ ಹಕ್ಕು ಯಾರದೆಂಬುದನ್ನು ಒಪ್ಪಿಕೊಂಡಂತೆ.

ಇನ್ನು ಅನಿಶಿನಾಬೆ ವಿನ್ಯಾಸಕಾರರನ್ನೇ ನೋಡೋಣ. ಮಿನೆಸೋಟದ ಲೀಚ್ ಲೇಕ್ ಕುಲದ ಡೆಲಿನಾ ವೈಟ್ ಬಾಲ್ಯದಲ್ಲಿಯೇ ಅಜ್ಜಿಯಿಂದ ಮಣಿಕೆಲಸವನ್ನು ಕಲಿತವರು. ‘ಐ ಆಮ್ ಅನಿಶಿನಾಬೆ’ ಎಂಬ ತಮ್ಮ ಮುದ್ರೆಯ ಉಡುಪುಗಳಲ್ಲಿ ಅವರು ಸರೋವರ ಪ್ರದೇಶದ ಹೂಬಳ್ಳಿಗಳನ್ನೂ ಸ್ತ್ರೀಯರ ಲಂಗದ ಸಾಂಪ್ರದಾಯಿಕ ರೂಪವನ್ನೂ ಇಂದಿನ ಬಟ್ಟೆಗಳಿಗೆ ಹೊಂದಿಸುತ್ತಾರೆ. ಇಲ್ಲಿ ಕಥೆಯು ಚಿತ್ರವಾಗಿ ಎದ್ದು ಕಾಣುವುದಿಲ್ಲ. ಕಲಿಸಿದ ಕೈಯಿಂದ ಕಲಿತ ಕೈಗೆ ಬರುವ ಕ್ರಮದಲ್ಲಿ ಅದು ಉಳಿದಿದೆ. ಮ್ಯಾನಿಟೂಲಿನ್ ದ್ವೀಪದ ಮಿಚಿಗೀಂಗ್ ಕುಲಕ್ಕೆ ಸೇರಿದ ಬ್ಯಾರಿ ಏಸ್ ಅವರು ಗಾಜಿನ ಮಣಿಗಳಿರಬೇಕಾದ ಎಡೆಯಲ್ಲಿ ರೇಡಿಯೋ ಮೊದಲಾದ ಯಂತ್ರಗಳೊಳಗಿರುವ ಕೆಪ್ಯಾಸಿಟರು, ರೆಸಿಸ್ಟರುಗಳನ್ನು ಪೋಣಿಸಿ, ಹೆಗಲಿಗೆ ತೂಗುಹಾಕುವ ಸಾಂಪ್ರದಾಯಿಕ ಚೀಲಗಳ ಮೇಲೆ ಹೂಗಳನ್ನು ಅರಳಿಸಿದ್ದಾರೆ. ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಬಿಟ್ಟುಕೊಡುವ ಬಿಡಿಭಾಗವು, ಶಕ್ತಿಯನ್ನು ಒಳಗಿಟ್ಟುಕೊಂಡ ದೈವಬೀಜದ ಸ್ಥಾನದಲ್ಲಿ ಕುಳಿತಿದೆ. ವೆನಿಸ್ಸಿನ ಮಣಿಯನ್ನು ತಮ್ಮದಾಗಿಸಿಕೊಂಡ ಅಜ್ಜಿಯರ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ. ಇದು ಹೊರನೋಟದ ಅನುಕರಣೆಯಲ್ಲ, ನಡೆಯ ಅನುಸರಣೆ. ನಮ್ಮ ದೃಷ್ಟಿಯಲ್ಲಿ ಈ ಮಾರ್ಗವೇ ಹೆಚ್ಚು ಫಲಪ್ರದವಾದುದು. ವಾಸಾಕ್ಸಿಂಗ್ ಕುಲದ ಮರಿಯಾ ಹಪ್‌ಫೀಲ್ಡ್ ಅವರು ಕೈಗಾರಿಕೆಯ ಒರಟು ಫೆಲ್ಟನ್ನೂ ತಗಡಿನ ಗೆಜ್ಜೆಗಳನ್ನೂ ಬಳಸಿ ಮಾಡಿದ ವಸ್ತುಗಳನ್ನು ಪ್ರದರ್ಶನಗಳಲ್ಲಿ ತಾವೇ ಧರಿಸಿ ಚಲಿಸುತ್ತಾರೆ. ಗೆಜ್ಜೆಯು ಸದ್ದು ಮಾಡುವುದು ದೇಹವು ಅಲುಗಿದಾಗ ಮಾತ್ರ ಎಂಬುದನ್ನು ಅವರು ಮರೆಯಲು ಬಿಡುವುದಿಲ್ಲ.

ಟೊರಾಂಟೋದ ಲೆಸ್ಲಿ ಹ್ಯಾಂಪ್ಟನ್ ಅವರದು ಬೇರೆಯ ಬಗೆ. ಅನಿಶಿನಾಬೆ ಮತ್ತು ಮೋಹಾಕ್ ಮೂಲದ ಈಕೆ 2016ರಲ್ಲಿ ಸ್ಥಾಪಿಸಿದ ಸಂಸ್ಥೆಯು ಎಲ್ಲ ಗಾತ್ರದ ದೇಹಗಳಿಗೂ ಗೌರವ ಸಲ್ಲಬೇಕೆಂಬುದನ್ನು ಮುಖ್ಯವಾಗಿಟ್ಟುಕೊಂಡಿದೆ. ಇಲ್ಲಿ ಗರಿಯೆಲ್ಲಿ, ಮಣಿಯೆಲ್ಲಿ, ಕಥೆಯೆಲ್ಲಿ ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿಯೇ ಒಂದು ಬಂಧನವಡಗಿದೆ. ಪ್ಯಾರಿಸ್ಸಿನ ವಿನ್ಯಾಸಕಾರನನ್ನು ಆತನ ಮುತ್ತಜ್ಜಿಯ ಕಥೆ ಹೇಳೆಂದು ಯಾರೂ ಪೀಡಿಸುವುದಿಲ್ಲ. ಹೇಳದಿರುವ ಸ್ವಾತಂತ್ರ್ಯವೂ ಕಥೆಯ ಒಡೆತನದ ಒಂದು ಭಾಗವೇ.

ಹೀಗೆಂದ ಮಾತ್ರಕ್ಕೆ ಈ ಕ್ಷೇತ್ರದಲ್ಲಿ ದೋಷಗಳೇ ಇಲ್ಲವೆಂದಲ್ಲ. ಟೊರಾಂಟೋದಲ್ಲಿ 2018ರಲ್ಲಿ ಮೊದಲಾದ ಮೂಲನಿವಾಸಿ ವಸ್ತ್ರಸಪ್ತಾಹದಂತಹ ವೇದಿಕೆಗಳು ವಿನ್ಯಾಸಕಾರರಿಗೆ ತಮ್ಮವರ ನಡುವೆಯೇ ನಿಲ್ಲುವ ಎಡೆಯನ್ನು ಒದಗಿಸಿವೆ. ಆದರೂ ವಸ್ತ್ರಪ್ರದರ್ಶನದ ಪದ್ಧತಿಯು ಋತುವಿಗೊಂದು ಹೊಸತನ್ನು ಬೇಡುತ್ತದೆ; ಪವಿತ್ರಕಥೆಯು ವರ್ಷಕ್ಕೊಂದು ಚಳಿಗಾಲದಲ್ಲಿ ಅದೇ ಹಳೆಯದನ್ನು ಮತ್ತೆ ಕೇಳೆನ್ನುತ್ತದೆ. ಈ ಎರಡು ಕಾಲಗತಿಗಳು ಸುಲಭವಾಗಿ ಹೊಂದುವುದಿಲ್ಲ. ಪ್ರದರ್ಶನದ ಛಾಯಾಚಿತ್ರದಲ್ಲಿ ಗೆಜ್ಜೆಯು ಕಾಣುತ್ತದೆ, ಕೇಳುವುದಿಲ್ಲ. ‘ಗುಣಪಡಿಸುವಿಕೆ’ ಎಂಬ ಮಾತು ಪ್ರಚಾರಪತ್ರಗಳಲ್ಲಿ ಪದೇ ಪದೇ ಬಂದು ಸವೆದ ನಾಣ್ಯದಂತಾಗುವ ಅಪಾಯವಿದೆ. ಗುಡುಗುಹಕ್ಕಿಯ ಚಿತ್ರವನ್ನು ಅಂಗಿಯ ಮೇಲೆ ಅಚ್ಚೊತ್ತಿದ ಮಾತ್ರಕ್ಕೆ ಅಂಗಿಯು ಕಥೆಯನ್ನು ಹೊತ್ತಂತಾಗಲಿಲ್ಲ. ಅಚ್ಚೊತ್ತಿದವನು ಅನಿಶಿನಾಬೆಯೇ ಆಗಿದ್ದರೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಒರೆಗಲ್ಲು ಯಾವುದು? ಉಡುಪು ಕಥೆಯನ್ನು ಎಷ್ಟು ಚೆನ್ನಾಗಿ ಚಿತ್ರಿಸಿತು ಎಂದು ಕೇಳುವುದಕ್ಕಿಂತ, ಕಥೆಯು ವಿಧಿಸುವ ಸಂಬಂಧವನ್ನು ಅದು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂದು ಕೇಳುವುದು ಯುಕ್ತವೆಂದು ನಮಗೆ ತೋರುತ್ತದೆ. ಯಾರಿಂದ ಪಡೆದದ್ದು, ಯಾರಿಗಾಗಿ ಮಾಡಿದ್ದು, ಯಾವುದನ್ನು ಹೇಳದೆ ಉಳಿಸಿದ್ದು ಎಂಬ ಮೂರು ಪ್ರಶ್ನೆಗಳಿಗೆ ಒಳ್ಳೆಯ ಉಡುಪು ಉತ್ತರ ಕೊಡಬಲ್ಲದು. ಮಗಳಿಗಾಗಿ ತಂದೆ ಮಾಡಿದ ಗೆಜ್ಜೆಯುಡುಪು ಇವಕ್ಕೆ ಉತ್ತರ ಕೊಟ್ಟಿತು. ಕಾರಿನ ಕನ್ನಡಿಗೆ ತೂಗುಬಿದ್ದ ಬಲೆಯು ಕೊಡಲಾರದು.

ಇತಿಹಾಸವನ್ನು ಬೋಧಿಸುವ ನಮಗೂ ಇದರಲ್ಲಿ ಪಾಠವಿದೆ. ಸುತ್ತೋಲೆಯನ್ನು ನಾವು ಆಧಾರವೆನ್ನುತ್ತೇವೆ. ಕನಸಿನ ಕಥೆಯನ್ನು ಐತಿಹ್ಯವೆಂದು ಬದಿಗಿಡುತ್ತೇವೆ. 1921ರ ಸುತ್ತೋಲೆಯೊಂದನ್ನೇ ಓದಿದವನಿಗೆ ಆ ಜನರ ನೃತ್ಯವು ಅಳಿದುಹೋಗಿರಬೇಕೆಂದು ತೋರಬಹುದು. ತಂಬಾಕಿನ ಡಬ್ಬಿಯ ಮುಚ್ಚಳಗಳನ್ನು ಹೊಲಿದ ಉಡುಪು ಆ ನಿರ್ಣಯವನ್ನು ತಪ್ಪೆಂದು ತೋರಿಸಿದೆ. ಸರಕಾರದ ಕಡತದಷ್ಟೇ ಶ್ರದ್ಧೆಯಿಂದ ಆ ಹೊಲಿಗೆಯನ್ನೂ ಓದುವುದನ್ನು ಕಲಿತಾಗ, ನಮ್ಮ ವಿದ್ಯಾರ್ಥಿಗಳು ಆ ಜನರನ್ನು ಗತಕಾಲದವರೆಂದು ಬರೆಯುವ ತಪ್ಪನ್ನು ಮಾಡಲಾರರು.